ಗಿಟಾರಿನ ಏಳನೆಯ ತೂತು

ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ, ಇದರಿಂದ ಇವರಿಗೇನು ಲಾಭ ಎಂದು ಮೊದಲು ಯೋಚಿಸುವ ಮನುಷ್ಯ ನಾನು. ಹತ್ತರಲ್ಲಿ ಒಂಬತ್ತು ಸಲ ಏನಾದರೊಂದು ಲಾಭ ಇದ್ದೇ ಇರುತ್ತಿತ್ತು. ಇದು ನನಗೆ ಮನೆಯಿಂದ ಬಂದ ರೋಗ. ನಮ್ಮಪ್ಪ ಬೌದ್ಧರಾದ ವರ್ಷ ಮನೆಯಲ್ಲಿದ್ದ ತಾಯತ, ಯಂತ್ರ, ಬಾಗಿಲಿಗೆ ಕಟ್ಟಿದ್ದ ಬೂದುಗುಂಬಳ ಎಲ್ಲವನ್ನೂ ಮಂಕರಿಗೆ ತುಂಬಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದವರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ನಾನು ಗಣಿತದ ಮೇಷ್ಟ್ರಾದ ಮೇಲಂತೂ ಕೇಳುವುದೇ ಬೇಡ. ಈಗ ಬರೆಯುತ್ತಿರುವುದನ್ನು ಬೇರೆಯವರು ನನಗೆ ಹೇಳಿದ್ದರೆ, ಟೀ ಮುಗಿಯುವ ತನಕ ಸುಮ್ಮನೆ ಕೇಳಿ ಆಮೇಲೆ ಹೆಂಡತಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದೆ. ಹಾಗಾಗಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಾನು ಪಾಠ ಮಾಡುವುದು ಐ.ಡಿ.ಹಳ್ಳಿಯಲ್ಲಿ, ಮನೆ ಮಧುಗಿರಿಯಲ್ಲಿ. ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ರೆಸೊನೇಟರ್ ಗಿಟಾರ್ ಎಂಬುದನ್ನು ಕೈಯಾರೆ ಮಾಡುವ ಹುಚ್ಚು ಹಿಡಿಯಿತು. ಮಾಮೂಲಿ ಗಿಟಾರಿಗೂ ಇದಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗೆ. ಅಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲೊಂದು ಕೂತಿರುತ್ತದೆ. ತಂತಿಯ ನಡುಕ ಅದಕ್ಕೆ ತಗುಲಿ, ದನಿ ಜೋರಾಗಿ, ಸ್ವಲ್ಪ ತಗಡು ತಗಡಾಗಿ ಹೊರಬರುತ್ತದೆ. ಬಟ್ಟಲನ್ನು ಶಿರಾದ ಪಾತ್ರೆ ಕೆಲಸದವರೊಬ್ಬರು ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಸರಿ ಮಾಡಿಕೊಟ್ಟರು. “ಇಷ್ಟು ಪತ್ಲಾ ಮಾಡ್ಸಿ ಯಾವ ಸಾರು ಕಾಯಿಸ್ತೀರಾ ಸಾಬ್?” ಎಂದು ಪ್ರತಿ ಸಲವೂ ಕೇಳಿದರು.

ಮರದ ಕೆಲಸಕ್ಕೆ ನನಗೆ ಗುರು ಕೊರಟಗೆರೆಯ ವೀರಾಚಾರ್ರು. ಇಪ್ಪತ್ತು ವರ್ಷದ ಗೆಳೆತನ, ಹೋದಾಗೆಲ್ಲ ಊಟ ಮಾಡಿಸದೆ ಕಳಿಸಿದವರಲ್ಲ. ಅವರ ಹಿತ್ತಲಲ್ಲೇ ಬೆಳೆದಿದ್ದ ಹಲಸಿನ ಮರದ ತುಂಡೊಂದರಿಂದ ಗಿಟಾರಿನ ಕುತ್ತಿಗೆ ತೆಗೆದೆವು. ತಂತಿಯ ಬಿಗಿತಕ್ಕೆ ಬಾಗದಿರಲೆಂದು ಅದರೊಳಗೆ ಕಾಲುವೆ ತೋಡಿ ಉಕ್ಕಿನ ಸಲಾಕೆ ಕೂರಿಸಿದೆವು. ತಲೆಯ ಭಾಗ ತುಸು ಹಿಂದಕ್ಕೆ ವಾಲಬೇಕು. ಅದಕ್ಕಾಗಿ ಮರವನ್ನು ಓರೆಯಾಗಿ ಕೊಯ್ದು ತಿರುಗಿಸಿ ಅಂಟಿಸಿದೆವು. ನಾಲ್ಕು ಭಾನುವಾರ ನಾನು ಕುತ್ತಿಗೆಯ ಬೆನ್ನನ್ನು ಅರದಿಂದ, ಆಮೇಲೆ ಉಪ್ಪುಕಾಗದದಿಂದ ಉಜ್ಜಿದೆ. “ಹೆಬ್ಬೆಟ್ಟು ಎಲ್ಲೂ ನಿಲ್ದಂಗೆ ಜಾರ್ಬೇಕು ಮೇಷ್ಟ್ರೆ, ನಿಂತ ಕಡೆ ಇನ್ನೂ ಕೆಲ್ಸ ಐತೆ ಅಂತ” ಎನ್ನುತ್ತಿದ್ದರು ಆಚಾರ್ರು.

ತಲೆಯ ಆಕಾರವನ್ನು ಮಾತ್ರ ನಾನೊಬ್ಬನೇ ಬರೆದೆ. ಎಲ್ಲಿ ಬರೆದೆ ಎಂದು ಹೇಳಲು ನಾಚಿಕೆಯಾಗುತ್ತದೆ: ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂತಿದ್ದಾಗ, ಉಳಿದ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ. ಕಾಗದವನ್ನು ಮಡಚಿ ಅರ್ಧ ಬರೆದು ಕತ್ತರಿಸಿದ್ದರೆ ಎರಡು ಕಡೆಯೂ ಒಂದೇ ಆಗುತ್ತಿತ್ತು. ನಾನು ಇಡೀ ಆಕಾರವನ್ನು ಕೈಯಲ್ಲೇ ಎಳೆದೆ. ಎಡಭುಜ ಬಲಭುಜಕ್ಕಿಂತ ಬೆರಳಗಲ ಕೆಳಗೆ ಬಂತು, ನೆತ್ತಿಯಲ್ಲೊಂದು ತಗ್ಗು ಬಿತ್ತು. ನೋಡಿದರೆ ಯಾಕೋ ಇಷ್ಟವಾಯಿತು. ಹಾಗೇ ಕೊಯ್ದೆ.

ತಂತಿ ಬಿಗಿಯುವ ಬಿರಡೆಗಳಿಗೆ ಆರು ತೂತು ಬೇಕು. ಮನೆಯಲ್ಲಿ ಡ್ರಿಲ್ ಹಿಡಿದು ಐದು ಕೊರೆದಿದ್ದೆ, ಕರೆಂಟ್ ಹೋಯಿತು. ಡ್ರಿಲ್ಲಿನ ಗುಂಡಿ ಒತ್ತಿ ಲಾಕ್ ಮಾಡಿದ್ದು ಹಾಗೇ ಇತ್ತು. ಅದನ್ನು ಮರದ ಮೇಲೇ ಒರಗಿಸಿ ನೀರು ಕುಡಿಯಲು ಎದ್ದೆ. ನಮ್ಮ ಕಡೆ ಕರೆಂಟ್ ಹೋಗುವುದಕ್ಕೂ ಬರುವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಗುರ್ ಎಂದು ಬಂದೇ ಬಂತು; ಡ್ರಿಲ್ ತಾನಾಗಿ ತಿರುಗಿ, ಎಡಗಡೆಯ ಎರಡನೆಯ ಮತ್ತು ಮೂರನೆಯ ತೂತುಗಳ ನಡುವೆ, ಆರರ ಲೆಕ್ಕಕ್ಕೆ ಸೇರದ ಏಳನೆಯ ತೂತೊಂದನ್ನು ಆಚೆಯಿಂದೀಚೆಗೆ ಹೊಡೆದಿತ್ತು. ಒಂದು ದಿನವೆಲ್ಲ ಪೇಚಾಡಿಕೊಂಡೆ. ಕೊನೆಗೆ ತೆಂಗಿನ ಕರಟದ ಚೂರೊಂದನ್ನು ದುಂಡಗೆ ತೇಯ್ದು ಆ ತೂತಿಗೆ ಬಿಗಿಯಾಗಿ ಬಡಿದು ಮುಚ್ಚಿದೆ. ಕರಿ ಬೊಟ್ಟಿನಂತೆ ಕಾಣುತ್ತಿತ್ತು, ಪರವಾಗಿಲ್ಲ ಅನ್ನಿಸಿತು.

ಗಿಟಾರಿಗೆ ಒಂದು ಗವಸು ಬೇಕಾಗಿತ್ತು. ಕೊಡಿಗೇನಹಳ್ಳಿಯ ಬಸ್ ನಿಲ್ಲುವ ಜಾಗದಲ್ಲಿ ರತ್ನಮ್ಮ ಎನ್ನುವವರು ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ, ಭಜನೆಯವರ ಹಾರ್ಮೋನಿಯಂ ಡೋಲುಗಳಿಗೆಲ್ಲ ಗಟ್ಟಿ ಗವಸು ಹೊಲಿಯುತ್ತಾರೆ ಎಂದು ಜೊತೆಯ ಮೇಷ್ಟ್ರು ಹೇಳಿದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆ. ಆಕೆಯನ್ನು ನೋಡಿದ್ದು ಅದೇ ಮೊದಲು. ಐವತ್ತರ ಹತ್ತಿರದ ಹೆಂಗಸು, ಕೊರಳಲ್ಲಿ ಟೇಪು, ಮಾತು ಕಡಿಮೆ. ಹೊಟ್ಟೆ ಅಳೆದರು, ಕುತ್ತಿಗೆ ಅಳೆದರು, ತಲೆಗೆ ಟೇಪು ಹಿಡಿದವರು ಅಲ್ಲೇ ನಿಂತುಬಿಟ್ಟರು. ತಿರುಗಿಸಿ ಹಿಂದೆ ನೋಡಿದರು. ಕರಟದ ಬೊಟ್ಟಿನ ಮೇಲೆ ಉಗುರಾಡಿಸಿದರು.

“ಮೇಷ್ಟ್ರೇ, ಇದ ಯಾರ್ ಮಾಡಿದ್ದು?”

“ನಾನೇ ಕಣಮ್ಮ.”

“ಈ ತಲೆ ಯಾರ್ ಬರ್ಕೊಟ್ರು?”

“ಅದೂ ನಾನೇ.”

ಬೇರೆಯವರ ಹೋಂವರ್ಕ್ ನೋಡಿ ಬರೆದು ತಂದ ಹುಡುಗರನ್ನು ನಾನು ಹೇಗೆ ನೋಡುತ್ತೇನೋ ಹಾಗೆ ಅವರು ನನ್ನನ್ನು ನೋಡಿದರು. ಒಳಗೆ ಹೋಗಿ ಅಟ್ಟದಿಂದ ಹಳೆಯ ಸೀರೆಯಲ್ಲಿ ಸುತ್ತಿದ್ದ ಏನನ್ನೋ ತಂದು ನನ್ನ ಗಿಟಾರಿನ ಪಕ್ಕಕ್ಕಿಟ್ಟು ಬಿಚ್ಚಿದರು. ಅದೊಂದು ತಂತಿವಾದ್ಯ, ತಂತಿ ಇರಲಿಲ್ಲ. ಪ್ಲೈವುಡ್ಡಿನ ಹೊಟ್ಟೆ, ಅದರೊಳಗೆ ಅಲ್ಯೂಮಿನಿಯಂ ಮುಚ್ಚಳ. ತಲೆ ನನ್ನ ಗಿಟಾರಿನದೇ. ಎಡಭುಜ ಕೆಳಗೆ, ನೆತ್ತಿಯಲ್ಲಿ ತಗ್ಗು, ಎಡಗಡೆ ಎರಡು ಮತ್ತು ಮೂರನೆಯ ತೂತಿನ ನಡುವೆ ಕರಟದ ಬೊಟ್ಟು.

“ಅವ್ರು ಎಲ್ಲವ್ರೆ?” ಎಂದರು ರತ್ನಮ್ಮ.

“ಯಾರಮ್ಮ?”

“ನಮ್ಮನೆಯವ್ರು.”

ಆಕೆಯ ಗಂಡ ಓಬಳೇಶಪ್ಪ ಪಂಪ್‌ಸೆಟ್ಟಿನ ಮೋಟಾರ್ ರಿಪೇರಿ ಮಾಡುತ್ತಿದ್ದವರು, ಮದುವೆಗಳಲ್ಲಿ ಬ್ಯಾಂಡ್‌ಸೆಟ್ಟಿನ ಜೊತೆ ಬಾರಿಸುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ, ಸಂಜೆಗೆ ಬರ್ತೀನಿ ಎಂದು ಹಿಂದೂಪುರದ ಬಸ್ಸು ಹತ್ತಿದವರು ಬಂದಿರಲಿಲ್ಲ. ಸುಳಿವೂ ಇಲ್ಲ. ಇಷ್ಟನ್ನು ನಾನು ಒಂದೊಂದೇ ಕೇಳಿ ತಿಳಿದುಕೊಳ್ಳಬೇಕಾಯಿತು. ಯಾಕೆಂದರೆ ಇದೆಲ್ಲ ನನಗೆ ಗೊತ್ತಿರುವುದೇ ಎಂಬ ಧಾಟಿಯಲ್ಲಿ ಅವರು ಮಾತಾಡುತ್ತಿದ್ದರು.

“ಪೇಪರ್ ಮಡಚ್ಕಂಡು ಬರೀರಿ, ಎಲ್ಡೂ ಕಡೆ ಸಮ ಬತ್ತದೆ ಅಂದ್ರೆ ಕೇಳ್ತಾ ಇರ್ಲಿಲ್ಲ. ಕರೆಂಟ್ ಹೋದಾಗ ಮಿಸನ್ ಆಫ್ ಮಾಡ್ದೆ ಬುಟ್ಟು, ಬಂದಾಗ ತೂತು ಬಿತ್ತು ಅಂತ ನನ್ನೇ ಬೈದ್ರು. ಇದೆಲ್ಲ ಅವ್ರೇ ತಾನೆ ನಿಮ್ಗೆ ಹೇಳ್ಕೊಟ್ಟಿದ್ದು?”

“ಇಲ್ಲಮ್ಮ, ನಾನು ಅವರನ್ನು ನೋಡೇ ಇಲ್ಲ.”

ದನಿ ತಗ್ಗಿಸಿ ಕೇಳಿದರು: “ಹೇಳ್‌ಬ್ಯಾಡ ಅಂದವ್ರಾ?”

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಆಕೆಯ ಮೇಲೆ ಕನಿಕರ ಬರಲಿಲ್ಲ. ಬಂದದ್ದು ಗುಮಾನಿ. ಇದರಲ್ಲಿ ಏನೋ ಮಸಲತ್ತಿದೆ, ಯಾರೋ ನನ್ನ ಗಿಟಾರನ್ನು ಮೊದಲೇ ನೋಡಿ ಇದನ್ನು ಹೊಸದಾಗಿ ಮಾಡಿ ಹಳತಿನಂತೆ ಕಾಣಿಸಿದ್ದಾರೆ ಎಂದುಕೊಂಡೆ. ಆಕೆಯ ಎದುರಿಗೇ ಆ ವಾದ್ಯವನ್ನು ಉಗುರಲ್ಲಿ ಕೆರೆದೆ, ಮೂಸಿ ನೋಡಿದೆ. ಬೊಟ್ಟಿನ ಸುತ್ತ ಕೂತಿದ್ದ ಜಿಡ್ಡು ವರ್ಷಗಳದ್ದು. ಪಾಲಿಶ್ ಬಿರುಕು ಬಿಟ್ಟಿತ್ತು. ಅಷ್ಟಕ್ಕೂ ಸಮಾಧಾನವಾಗದೆ ಅವರ ಹತ್ತಿರವೇ ಬಟ್ಟೆ ಕತ್ತರಿಸುವ ಕಂದು ಕಾಗದ ಕೇಳಿ, ಆ ವಾದ್ಯದ ತಲೆಯ ಸುತ್ತ ಗೆರೆ ಎಳೆದುಕೊಂಡು, ಕತ್ತರಿಸಿ, ನನ್ನ ಗಿಟಾರಿನ ಮೇಲೆ ಇಟ್ಟೆ. ಒಂದು ನೂಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕರೆಂಟ್ ಹೋದಾಗ ಡ್ರಿಲ್ ಮರೆಯುವ ತಪ್ಪನ್ನು ಈ ಸೀಮೆಯಲ್ಲಿ ಯಾರು ಬೇಕಾದರೂ ಮಾಡಿಯಾರು, ಒಪ್ಪಿದೆ. ಆಕಾರವನ್ನು ಕದಿಯಬಹುದು, ಅದನ್ನೂ ಒಪ್ಪಿದೆ. ಆದರೆ ನೀರು ಕುಡಿಯಲು ಎದ್ದಾಗ ತಾನಾಗಿ ಬಿದ್ದ ತೂತನ್ನು ನಾನು ಯಾರಿಂದ ಕದ್ದೆ?

ಮಾರನೆಯ ದಿನವೇ ಕೊರಟಗೆರೆಗೆ ಹೋಗಿ ಆಚಾರ್ರನ್ನು ಹಿಡಿದುಕೊಂಡೆ. ಓಬಳೇಶಪ್ಪ ನಿಮಗೆ ಗೊತ್ತಾ, ಆ ಮರ ನಿಜಕ್ಕೂ ನಿಮ್ಮ ಹಿತ್ತಲದ್ದೇ, ಈ ಆಕಾರವನ್ನು ಮಾತಲ್ಲಿ ಮಾತಲ್ಲಿ ನನ್ನ ತಲೆಗೆ ತುಂಬಿದಿರಾ ಎಂದು ಪೊಲೀಸರ ಹಾಗೆ ಕೇಳಿದೆ. ಅವರು ಉಳಿ ಕೆಳಗಿಟ್ಟು, “ಮರ ಕಡ್ದ ಬೊಡ್ಡೆ ಹಿತ್ಲಲ್ಲೇ ಐತೆ, ಹೋಗಿ ನೋಡ್ಕಳಿ. ಕೈ ನಿಮ್ದು, ಪೆನ್ಸಿಲ್ ನಿಮ್ದು, ತೂತು ಬಿದ್ದಿದ್ದು ನಿಮ್ಮನೇಲಿ. ನನ್ನ ಯಾಕೆ ಕಳ್ಳನ್ನ ಮಾಡ್ತೀರಾ?” ಎಂದರು. ನಾನು ಹಿತ್ತಲಿಗೆ ಹೋಗಿ ಬೊಡ್ಡೆ ನೋಡಿಯೇ ಬಂದೆ. ಅದು ಮಾಡಬಾರದಾಗಿತ್ತು. ಅವತ್ತು ಅವರು ಊಟಕ್ಕೆ ಏಳಿ ಎನ್ನಲಿಲ್ಲ, ಇವತ್ತಿನ ತನಕವೂ ಅಂದಿಲ್ಲ.

ಇದು ಇಲ್ಲಿಗೇ ಮುಗಿದಿದ್ದರೆ ಒಂದು ವಿಚಿತ್ರ ಎಂದು ಬಿಟ್ಟುಬಿಡುತ್ತಿದ್ದೆನೇನೋ. ಎರಡು ವಾರ ಕಳೆದು ರತ್ನಮ್ಮನವರ ಮಗಳು ಶಿಲ್ಪಾ ಶಾಲೆಗೆ ಬಂದಳು. ಮಧುಗಿರಿಯ ಮೆಡಿಕಲ್ ಸ್ಟೋರೊಂದರಲ್ಲಿ ಕೆಲಸ ಮಾಡುವ ಹುಡುಗಿ. ಮನೆ ಅಪ್ಪನ ಹೆಸರಲ್ಲಿದೆ, ಸೂರು ಕುಸಿಯುತ್ತಿದೆ, ಖಾತೆ ಬದಲಾಗದೆ ಏನೂ ಮಾಡುವಂತಿಲ್ಲ. ಏಳು ವರ್ಷ ಸುಳಿವಿಲ್ಲದವರನ್ನು ತೀರಿಕೊಂಡರೆಂದು ಕೋರ್ಟಿನಲ್ಲಿ ಹೇಳಿಸಬಹುದಂತೆ. ಅಮ್ಮನನ್ನು ಒಪ್ಪಿಸಲು ಅವಳಿಗೆ ನಾಲ್ಕು ವರ್ಷ ಹಿಡಿದಿತ್ತು.

“ಅರ್ಜಿ ಟೈಪಾಗಿ ಬಂದಿತ್ತು ಸಾರ್. ಸೋಮವಾರ ಸೈನ್ ಹಾಕ್ತೀನಿ ಅಂದಿದ್ರು. ಶನಿವಾರ ನೀವು ಗಿಟಾರ್ ತಗೊಂಡ್ ಬಂದ್ರಿ. ಈಗ, ಬದ್ಕಿರೋರ್ನ ನಾನ್ಯಾಕೆ ಸಾಯಿಸ್ಲಿ ಅಂತಾರೆ. ಎಲ್ಲೋ ನೋಡಿ ಕಾಪಿ ಹೊಡ್ದೆ ಅಂತ ಒಂದ್ ಮಾತು ಹೇಳ್ಬುಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ.”

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವನು ನಾನು. ಆದರೂ ಹೋದೆ. ಆ ಹುಡುಗಿಯ ಮುಖ ನೋಡಿದ ಮೇಲೆ ಹೋಗದಿರಲು ಆಗಲಿಲ್ಲ. ಪಟ್ಟನಾಯಕನಹಳ್ಳಿಯ ಮದುವೆಯೊಂದರಲ್ಲಿ, ಬಹಳ ವರ್ಷಗಳ ಹಿಂದೆ, ಯಾರೋ ಒಬ್ಬರು ಈ ವಾದ್ಯ ಬಾರಿಸುತ್ತಿದ್ದುದನ್ನು ನೋಡಿದ್ದೆ, ಆಗ ಮನಸ್ಸಿನಲ್ಲಿ ಕೂತದ್ದು ಈಗ ಕೈಯಲ್ಲಿ ಬಂದಿದೆ ಎಂದು ರತ್ನಮ್ಮನವರಿಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನ್ನಿಸಿತ್ತು. ಅವರು ಕತ್ತರಿ ಕೆಳಗಿಡದೆ ಕೇಳಿಸಿಕೊಂಡರು.

“ಅದಕ್ಕೆ ತಂತೀನೇ ಕಟ್ಟಿಲ್ವಲ್ಲ ಮೇಷ್ಟ್ರೇ. ಮಾಡಿ ಮುಗ್ಸಿದ್ರು, ತಂತಿ ತತ್ತೀನಿ ಅಂತ ಹಿಂದೂಪುರಕ್ಕೆ ಹೋದ್ರು. ಅದು ಈ ಹೊಸ್ಲು ದಾಟೇ ಇಲ್ಲ.” ಸ್ವಲ್ಪ ಹೊತ್ತು ಬಟ್ಟೆ ಕತ್ತರಿಸಿ ಮತ್ತೆ ಕೇಳಿದರು: “ಈ ಸುಳ್ಳ ನೀವೇ ಕಟ್ಟಿದ್ರಾ, ಅವ್ರು ಹೇಳ್ಕೊಟ್ರಾ?”

ಎದ್ದು ಬಂದೆ. ಅರ್ಜಿಗೆ ಅವರು ಸಹಿ ಹಾಕಲಿಲ್ಲ. ಅದರಲ್ಲಿ ನನ್ನ ಪಾಲಿದೆ ಎಂಬುದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಒಂದೊಂದು ದಿನ ನನ್ನ ಮೇಲೆ ನನಗೇ ಅನುಮಾನ ಬರುತ್ತದೆ. ಎಂದೋ, ಎಲ್ಲೋ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರಾದರೂ ಬೆರಳಲ್ಲಿ ಗಾಳಿಯ ಮೇಲೆ ಗೆರೆ ಎಳೆದು ತೋರಿಸಿದ್ದರೆ? ಪಾವಗಡ ಕಡೆಗೆ ಚುನಾವಣೆ ಡ್ಯೂಟಿಗೆ ಹೋದದ್ದು, ಹಿಂದೂಪುರದಲ್ಲಿ ಬಸ್ಸು ತಪ್ಪಿ ಕೂತದ್ದು, ಎಲ್ಲವನ್ನೂ ನೆನಪಿಸಿಕೊಂಡು ಜಾಲಿಸಿ ನೋಡಿದ್ದೇನೆ. ಅಂಥ ಮನುಷ್ಯ ಯಾರೂ ಸಿಕ್ಕಿಲ್ಲ.

ಹೋದ ವರ್ಷ ರತ್ನಮ್ಮ ಮಧುಗಿರಿಯ ನಮ್ಮ ಮನೆಗೆ ಬಂದರು. ಶಿಲ್ಪಾಳ ಮದುವೆ ಗೊತ್ತಾಗಿತ್ತು. ನನ್ನ ಹೆಂಡತಿಗೆ ಕುಂಕುಮ ಕೊಟ್ಟು ಕರೆದು, ನನ್ನ ಕೈಗೆ ಎರಡು ಲಗ್ನಪತ್ರಿಕೆ ಇಟ್ಟರು. ಒಂದರ ಮೇಲೆ ನನ್ನ ಹೆಸರಿತ್ತು. ಇನ್ನೊಂದರ ಮೇಲೆ ಏನೂ ಬರೆದಿರಲಿಲ್ಲ.

“ಇದು ಅವ್ರಿಗೆ” ಎಂದರು. “ನೀವೇನೂ ಹೇಳ್‌ಬ್ಯಾಡಿ. ಕೊಟ್ಬುಡಿ, ಸಾಕು.”

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬೇಡ ಎಂದು ಹಿಂದಕ್ಕೆ ಕೊಡಲು ಕೈ ಏಳಲಿಲ್ಲ. ತೆಗೆದುಕೊಂಡೆ. ಅದು ಇನ್ನೂ ನನ್ನ ಹತ್ತಿರವೇ ಇದೆ. ಹರಿಯುವುದಕ್ಕೂ ಆಗದು, ತಲುಪಿಸುವುದಕ್ಕೂ ಆಗದು.

ಮದುವೆಯ ದಿನ ಛತ್ರದ ಬಾಗಿಲಲ್ಲಿ ರತ್ನಮ್ಮ ಹೂವು, ಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಬನ್ನಿ ಮೇಷ್ಟ್ರೇ ಎಂದು ನಕ್ಕರು. ನಕ್ಕವರೇ, ನನ್ನ ಹಿಂದೆ ಯಾರು ಬರುತ್ತಿದ್ದಾರೆ ಎಂದು ಹೆಗಲ ಮೇಲಿಂದ ನೋಡಿದರು. ನಾನೂ ತಿರುಗಿ ನೋಡಿದೆ.