ಪಿಲ್ಲು ಬಾಯಿಯ ಅಪ್ಪನ ಹೆಲ್ಮೆಟ್

…ಅಥವಾ ಅದು ಖಾಲಿಯೇ ಇತ್ತೇ? ಜೆಪ್ಪುವಿನ ಪಿಲ್ಲು ಬಾಯಿಯ ಮನೆಯಲ್ಲಿ ಆ ಹೆಲ್ಮೆಟನ್ನು ಮೊದಲು ನೋಡಿದಾಗ ಅದರ ತುಂಬ ತೆಂಗಿನಹಾಲು ಇತ್ತೆಂದು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನ. ಹಾಲನ್ನು ಆಮೇಲೆ ನನ್ನ ನೆನಪೇ ಸುರಿದಿರಬೇಕು. ಅದಕ್ಕೆ ಆ ಅಭ್ಯಾಸ ಇದೆ.

ನನ್ನ ಹುಚ್ಚನ್ನೂ ಹೇಳಿಬಿಡುತ್ತೇನೆ: ಎರಡನೇ ಮಹಾಯುದ್ಧದ ಟೋಪಿ, ಹೆಲ್ಮೆಟ್, ಬಿಲ್ಲೆಗಳನ್ನು ಕೂಡಿಹಾಕುವುದು. ಅರ್ಧ ಸುಖ ಕೂಡಿಹಾಕುವುದರಲ್ಲಿದ್ದರೆ ಇನ್ನರ್ಧ ಅಸಲಿಯೋ ನಕಲಿಯೋ ಎಂದು ಮೂಸುವುದರಲ್ಲಿ. ನಿಜವಾಗಿಯೂ ಮೂಸುತ್ತೇನೆ. ಹಳೆಯ ಚರ್ಮದ ಪಟ್ಟಿಗೆ ಬೆವರಿನ ವಾಸನೆ, ನಕಲಿ ಟೋಪಿಗೆ ಚಹಾದ ವಾಸನೆ. ಹೊಸ ಬಟ್ಟೆಗೆ ವಯಸ್ಸು ಬರಿಸಲು ಅದನ್ನು ಚಹಾದ ನೀರಿನಲ್ಲಿ ಅದ್ದುತ್ತಾರೆ. ತುಕ್ಕನ್ನಂತೂ ನಂಬುವಂತೆಯೇ ಇಲ್ಲ. ಬೆಂಗ್ರೆಯ ಕಡಲಗಾಳಿಗೆ ಒಂದು ಮಳೆಗಾಲ ಇಟ್ಟರೆ ಹೊಚ್ಚಹೊಸ ಕೊಡೆಯ ಕಡ್ಡಿಯೂ ಬರ್ಮಾದ ಯುದ್ಧಕ್ಕೆ ಹೋಗಿ ಬಂದ ಹಾಗೆ ಕಾಣುತ್ತದೆ. ಇಷ್ಟೆಲ್ಲ ತಿಳಿದ ನಾನು ವರ್ಷಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಆರಾಧಿಸಿದ ಹಿತ್ತಾಳೆ ಬಿಲ್ಲೆಯೊಂದು ಕೊನೆಗೆ ಮದುವೆ ಬ್ಯಾಂಡಿನವರ ಟೋಪಿಯದ್ದೆಂದು ಗೊತ್ತಾಯಿತು. ಬೀದಿಯಲ್ಲಿ ಬ್ಯಾಂಡು ಹೋದಾಗಲೆಲ್ಲ ಹೆಂಡತಿ ಒಳಗಿನಿಂದ, "ನಿಮ್ಮ ರೆಜಿಮೆಂಟು ಬಂತು, ನೋಡಿ" ಎನ್ನುತ್ತಾಳೆ.

ಪಿಲ್ಲು ಬಾಯಿ ನನ್ನನ್ನು ಕರೆಸಿದ್ದು ಮೊಮ್ಮಗಳು ಶರಲಳ ರೋಸಿನ ದಿನ. ರೋಸ್ ಎಂದರೆ ಇಲ್ಲಿನ ಕ್ಯಾಥೊಲಿಕರು ಮದುವೆಯ ಮುನ್ನಾದಿನ ವಧುವಿಗೆ ತೆಂಗಿನಹಾಲು ಪೂಸುವ ಶಾಸ್ತ್ರ. ಉಳಿದವರ ಮನೆಯಲ್ಲಿ ಹಾಲು ಪಾತ್ರೆಯಲ್ಲಿರುತ್ತದೆ. ಈ ಮನೆಯಲ್ಲಿ ಬಾಯಿಯ ಅಪ್ಪ ಯುದ್ಧದಿಂದ ತಂದ ಹೆಲ್ಮೆಟಿನಲ್ಲಿ. ಬಾಯಿ ಚಿಕ್ಕವರಿರುವಾಗಲೇ ತೀರಿಹೋದ ಅಪ್ಪ ಹೀಗೆ ಪ್ರತಿ ಮದುವೆಗೂ ಹಾಜರು. ಈ ಸಲ ಮಾತ್ರ ವರನ ಸೋದರಮಾವ ಬಂದು, ಇಂಥವು ಆಗ ಬಂದರಿನ ಗುಜರಿಯಲ್ಲಿ ರಾಶಿ ಬಿದ್ದಿರುತ್ತಿದ್ದವು ಎಂದು ನಕ್ಕರಂತೆ. ಬಾಯಿಗೆ ಅದು ನಾಟಿತ್ತು. ಅಪ್ಪನದ್ದಲ್ಲವಾದರೆ ಇವತ್ತಿನಿಂದ ಸ್ಟೀಲಿನ ಪಾತ್ರೆ ಎಂದು ತೀರ್ಮಾನಿಸಿ ಕೂತಿದ್ದರು.

ಅವರ ಬಳಿ ಪುರಾವೆಯೂ ಇತ್ತು: ನೆತ್ತಿಯಲ್ಲೊಂದು ತೂತು, ಹಾಲು ಸೋರದಂತೆ ಇಗರ್ಜಿಯ ಮೇಣದಬತ್ತಿಯ ಮೇಣ ತುಂಬಿದ್ದು. ಬಿದ್ದ ಜಪಮಾಲೆಯನ್ನು ಹೆಕ್ಕಲು ಅಪ್ಪ ಬಗ್ಗಿದಾಗ ಗುಂಡು ಹೊಕ್ಕ ಜಾಗವಂತೆ. ಹೊಕ್ಕ ಗುಂಡು ತಲೆಯನ್ನು ಬಿಟ್ಟು ಎಲ್ಲಿಗೆ ಹೋಯಿತೆಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನಾನು ಭೂತಗನ್ನಡಿ ಹಿಡಿದೆ, ಬೆರಳಿನಿಂದ ತಟ್ಟಿದೆ, ಮೂಸಿದೆ. ಕುಣಿಯಬೇಕೆನಿಸಿತು. ಅಂಚಿನ ಪಟ್ಟಿ, ಗಲ್ಲದ ಪಟ್ಟಿಯ ಕೊಂಡಿ, ಎಲ್ಲ ಆ ಕಾಲದ್ದೇ. ತೂತು ಗುಂಡಿನದ್ದಲ್ಲ, ಒಳಗಿನ ಮೆತ್ತೆಯನ್ನು ಬಿಗಿಯುವ ತಿರುಪಿನದ್ದು, ಅದು ಅಲ್ಲಿರಲೇಬೇಕು. ಹೆಲ್ಮೆಟ್ ಅಸಲಿ! ಇನ್ನು ಸಿಪಾಯಿಗಳು ಒಳಗಡೆ ಬಣ್ಣದಲ್ಲಿ ಬರೆದುಕೊಳ್ಳುತ್ತಿದ್ದ ಹೆಸರೋ ನಂಬರೋ ಸಿಕ್ಕಿದರೆ ಮುಗಿಯಿತು. ತಿರುಗಿಸಿದೆ. ಒಳಗೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ಪ್ರತಿ ರೋಸಿಗೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕುತ್ತೇವೆ," ಎಂದರು ಬಾಯಿ, ಹೆಮ್ಮೆಯಿಂದ. "ಅಪ್ಪನದ್ದಲ್ಲವಾ? ಒಂದು ಕಲೆ ಬಿಡುವುದಿಲ್ಲ."

ಕುಣಿತ ಅಲ್ಲಿಗೆ ನಿಂತಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಯುದ್ಧದ್ದು ಹೌದು, ಗುಂಡು ಬಿದ್ದದ್ದಲ್ಲ, ಹೆಸರೇನಾದರೂ ಇದ್ದಿದ್ದರೆ ಹುಳಿಯಲ್ಲಿ ತೊಳೆದುಹೋಗಿದೆ. ಬಾಯಿ ತುಂಬ ಹೊತ್ತು ತಮ್ಮ ಅಂಗೈಗಳನ್ನು ನೋಡಿಕೊಂಡರು. ತುಂಬ ಹೊತ್ತೋ, ಒಂದು ಕ್ಷಣವೋ. ನನ್ನ ನೆನಪನ್ನು ನಂಬಬೇಡಿ.

"ಅಪ್ಪನದ್ದು ಅಲ್ಲ ಅಂತ ಉಂಟಾ?"

"ಅಲ್ಲ ಅಂತಲೂ ಇಲ್ಲ ಬಾಯಿ."

"ಮತ್ತೆ ಎಂತ ನೋಡ್ತಾ ಕೂತದ್ದು ಮಾರಾಯ? ಹಾಲು ಹಾಕ್ಲಿಕ್ಕೆ ಹೇಳು. ಹುಳಿ ಬರ್ತದೆ."

ಹಾಲು ಬಂತು. ಮನೆಯವರೆಲ್ಲರ ಸರದಿ ಮುಗಿದ ಮೇಲೆ ಬಾಯಿ ನನ್ನನ್ನೂ ಎಬ್ಬಿಸಿದರು. ನಾನೂ ಬೆರಳದ್ದಿ ಶರಲಳ ನೆತ್ತಿಗೆ ಹಚ್ಚಿದೆ. ಆ ಹೆಲ್ಮೆಟ್ ಮೊದಲು ಯಾರ ತಲೆಯ ಮೇಲಿತ್ತು, ಆ ತಲೆ ಮನೆಗೆ ಮರಳಿತೋ ಇಲ್ಲವೋ, ನನಗೆ ಗೊತ್ತಿಲ್ಲ.