ಮುಳುಗದೆ, ತೇಲದೆ ನಿಂತ ಎಣ್ಣೆ

ಬೆಳಕು ಹರಿಯುವ ಮುಂಚೆಯೇ ಭಟ್ಟಿಗೆ ಬೆಂಕಿ ಬಿದ್ದಿದೆ. ತಲ್ಲೂರಿನಿಂದ ಒಳಕ್ಕೆ ಹೋಗುವ ಮಣ್ಣು ರಸ್ತೆಯ ಕೊನೆಯಲ್ಲಿ, ತಗಡು ಹೊದೆಸಿದ ಚಪ್ಪರದಡಿ, ವನಜ ಮೊಗವೀರ ದೊಡ್ಡ ಹಂಡೆಯೊಳಗೆ ದಾಲ್ಚಿನ್ನಿ ಎಲೆ ತುಂಬುತ್ತಿದ್ದಾರೆ. ತುಂಬುವುದೆಂದರೆ ಸುರಿಯುವುದಲ್ಲ. ಒಂದು ಪದರ ಹಾಕಿ, ಕೈಯಲ್ಲಿ ಒತ್ತಿ, ಮೇಲೆ ಮತ್ತೊಂದು. ಸಡಿಲಾದರೆ ಹಬೆ ಎಲೆಯನ್ನು ಮುಟ್ಟದೆ ಓಡಿಹೋಗುತ್ತದೆ, ಬಿಗಿಯಾದರೆ ದಾರಿ ಸಿಗದೆ ಒದ್ದಾಡುತ್ತದೆ. ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ, ಅವರು ಕೊಳವೆಯ ತುದಿಗೆ ಬಂದು ಕುಕ್ಕರಗಾಲಲ್ಲಿ ಕೂರುತ್ತಾರೆ. ತಣ್ಣೀರಿನ ತೊಟ್ಟಿಯೊಳಗೆ ಸುತ್ತಿಬಂದ ಹಬೆ ನೀರಾಗಿ ಗಾಜಿನ ಜಾಡಿಗೆ ತೊಟ್ಟಿಕ್ಕುತ್ತದೆ. ಆ ನೀರಿನ ಜೊತೆ ಬರುವ ಎಣ್ಣೆಯ ಹನಿ ಏನು ಮಾಡುತ್ತದೆಂದು ಅವರು ನೋಡಬೇಕು.

ಹನಿ ಮುಳುಗುತ್ತದೆ. ಹೊಂಬಣ್ಣದ ಮಣಿಯಂತೆ ತಳಕ್ಕಿಳಿದು ಕೂರುತ್ತದೆ. ವನಜ ಉಸಿರು ಬಿಡುತ್ತಾರೆ. “ಇದ್ ಕೆಳಗಿನ್ ತೋಟದ್ದೇ,” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಭಟ್ಟಿಯ ಒಡೆಯರು ಕೋಟದ ಕೃಷಿಕ ಶಾಮರಾಯ ಐತಾಳರು. ತಲ್ಲೂರಿನ ಈ ಇಳಿಜಾರು ಕೊಂಡು ದಾಲ್ಚಿನ್ನಿ ಹಾಕಿದವರು. ಮಳೆಗಾಲದಲ್ಲಿ ಕೊಂಬೆ ಕಡಿದು ತೊಗಟೆ ಸುಲಿಯುತ್ತಾರೆ, ಉಳಿದ ಎಲೆ ಭಟ್ಟಿಗೆ ಬರುತ್ತದೆ. ಕ್ವಿಂಟಲ್ ಎಲೆ ಬೆಂದರೆ ಒಂದು ಬಾಟಲಿ ಎಣ್ಣೆ. ವನಜ ತ್ರಾಸಿಯವರು. ಗಂಡ ಪಾಂಡು ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ಮಳೆಗಾಲದಲ್ಲಿ ದೋಣಿ ದಡ ಸೇರಿದರೆ ಒಲೆಯೂ ತಣ್ಣಗಾಗುತ್ತದೆ. ಹಾಗಾಗಿ 1997ರ ಮಳೆಯಲ್ಲಿ ಅವರು ಕೆಲಸ ಕೇಳಿಕೊಂಡು ಇಲ್ಲಿಗೆ ಬಂದರು.

ಮೊದಲ ದಿನವೇ ಎಡವಟ್ಟು. ಎಣ್ಣೆ ಮೇಲೆ ತೇಲುತ್ತದೆಂದು ಕಾದರು, ಕಾದರು, ತೇಲಲಿಲ್ಲ. “ಎಣ್ಣೆಯೇ ಬರ್ಲಿಲ್ಲ ಐತಾಳ್ರೆ ಅಂದ್ ಜಾಡಿ ಚೆಲ್ಲೂಕ್ ಹೋಯಿದೆ. ಅವ್ರ್ ಓಡ್ಕಂಡ್ ಬಂದ್ ಕೈ ಹಿಡ್ಕಂಡ್ರ್. ಈ ಎಲಿ ಎಣ್ಣೆ ನೀರಿನ್ ಅಡಿಗ್ ಹೋತ್ತಂಬ್ರ್. ಎಣ್ಣೆ ಮುಳ್ಗೂದ್ ನಾನ್ ಹುಟ್ಟಿದ್ಮೇಲ್ ಕಂಡದ್ದ್ ಅದೇ ಸುರು,” ಎಂದು ನಗುತ್ತಾರೆ. ವಾಸನೆಯೂ ಅವರನ್ನು ದಾರಿ ತಪ್ಪಿಸಿತ್ತು. ತೊಗಟೆಗೆ ದಾಲ್ಚಿನ್ನಿಯ ವಾಸನೆ, ಅದೇ ಮರದ ಎಲೆಗೆ ಲವಂಗದ್ದು. ಮೀನು ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ಸರಿದು ಕೂರುತ್ತಿದ್ದ ಜನ, ಈಗ ಮೂಗರಳಿಸಿ ತಿರುಗಿ ನೋಡತೊಡಗಿದರು.

ಹತ್ತು ಮಳೆಗಾಲ ಹಾಗೆ ಕಳೆಯಿತು. 2007ರಲ್ಲಿ ಒಂದು ದಿನ ಹನಿ ಮುಳುಗಲಿಲ್ಲ. ತೇಲಲೂ ಇಲ್ಲ. ಬೆಂದ ಸಾಬಕ್ಕಿಯಂತೆ ನೀರಿನ ನಡುವೆ ನಿಂತಿತು. ನೀರೆಲ್ಲ ಮಜ್ಜಿಗೆಯಂತೆ ಕದಡಿತ್ತು. ಹೇಗೋ ಬೇರ್ಪಡಿಸಿ ಕಳಿಸಿದ ಎಣ್ಣೆಯನ್ನು ಮಂಗಳೂರಿನ ಖರೀದಿದಾರರು ಹಿಂದೆ ಕಳಿಸಿದರು. ಕಲಬೆರಕೆ ಎಂಬ ಮಾತೂ ಜೊತೆಗೆ ಬಂತು.

“ಎಂತ ಬೆರ್ಸಿದ್ಯೆ ನೀನು?” ಐತಾಳರು ಅಂಗಳದಲ್ಲೇ ಕೇಳಿದರು.

“ನಾನ್ ಎಂತದೂ ಮಾಡ್ಲಿಲ್ಲ ಐತಾಳ್ರೆ.”

ಹೇಳಿದರೇನೋ ನಿಜ. ಮನೆಗೆ ಹೋಗುವ ದಾರಿಯುದ್ದಕ್ಕೂ ತಮ್ಮ ಮಾತಿನ ಮೇಲೆ ತಮಗೇ ಅನುಮಾನ. ಹಂಡೆ ಸರಿಯಾಗಿ ತೊಳೆದಿದ್ದೆನಾ? ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಜಾಡಿ ಮುಟ್ಟಿದೆನಾ? ಮಾಡದ ತಪ್ಪನ್ನು ನೆನಪಿಸಿಕೊಳ್ಳುವುದು ಹೇಗೆ?

ಐತಾಳರ ಮಗಳು ಶ್ರಾವ್ಯ ಆಗ ರಸಾಯನಶಾಸ್ತ್ರ ಓದುತ್ತಿದ್ದಳು. ಎಣ್ಣೆಯ ಮಾದರಿಯನ್ನು ಕಾಲೇಜಿನ ಯಂತ್ರದಲ್ಲಿ ಹಾಕಿ ನೋಡಿ ಬಂದಳು. ಎಲೆಯ ಎಣ್ಣೆಯಲ್ಲಿ ಮುಕ್ಕಾಲು ಪಾಲು ಯೂಜಿನಾಲ್ ಇರಬೇಕು, ಲವಂಗದ ವಾಸನೆ ಅದರದ್ದೇ, ನೀರಿಗಿಂತ ಭಾರ. ಈ ಮಾದರಿಯಲ್ಲಿ ಅದು ಅರ್ಧಕ್ಕಿಳಿದು, ಲಿನಲೂಲ್ ಎಂಬ ಹಗುರ ಅಂಶ ಸೇರಿಕೊಂಡಿತ್ತು. ಅತ್ತರು ಮಾಡುವವರು ಬಳಸುವ ವಸ್ತು ಅದು, ಪೇಟೆಯಲ್ಲೂ ಸಿಗುತ್ತದೆ ಎಂದಳು ಹುಡುಗಿ. ಅಲ್ಲಿಗೆ ಅನುಮಾನ ಗಟ್ಟಿಯಾಯಿತು. “ಆ ಹೆಸ್ರ್ ಕೇಂಡ್ ನಾನ್ ಯಾವ್ದೋ ಊರ್ ಅಂದ್ಕಂಡೆ,” ಎನ್ನುತ್ತಾರೆ ವನಜ.

“ನಿಮ್ಮೆದ್ರಿಗೇ ಬೇಯಿಸ್ತೆ, ಕಾಣಿ,” ಎಂದು ಅವರೇ ಹಟ ಹಿಡಿದರು. ಐತಾಳರು, ಹೆಂಡತಿ ತುಂಗಾ, ಶ್ರಾವ್ಯ ಮೂವರೂ ಸುತ್ತ ಕೂತರು. ಎಣ್ಣೆ ಬಂತು. ಮೊದಲಿನಂತೆ ಚೊಕ್ಕವಾಗಿ ತಳಕ್ಕಿಳಿಯಿತು. ವನಜರ ಮುಖ ಅರಳುವಷ್ಟರಲ್ಲಿ ಐತಾಳರು ಎದ್ದು ನಿಂತರು. “ನಾವ್ ಎದ್ರಿಗಿದ್ರೆ ಸಮಾ ಬತ್ತ್, ಇಲ್ದಿದ್ರೆ ಹಾಳಾತ್ತಾ?”

ಭಟ್ಟಿಯ ಬೀಗದ ಕೈ ಜಗುಲಿಯ ಮೇಲಿಟ್ಟು ವನಜ ನಡೆದರು. ಮತ್ತೆ ತಲೆಯ ಮೇಲೆ ಮೀನಿನ ಬುಟ್ಟಿ ಬಂತು. “ಬಿಡ್ ಮಾರಾಯ್ತಿ, ಬಂಗ್ಡಿಗ್ ಎಂತ ಬೆರ್ಸಿದ್ದೆ ಅಂದ್ ಯಾರೂ ಕೇಂತ್ರಿಲ್ಲೆ,” ಎಂದು ಪಾಂಡು ನಗಿಸಲು ನೋಡಿದರು. ವನಜರಿಗೆ ನಗು ಬರಲಿಲ್ಲ.

ಮರುವರ್ಷ ಭಟ್ಟಿಗೆ ಒಬ್ಬ ತೋಟದಾಳು ಕೂತ. ಕೆಲವೇ ದಿನಗಳಲ್ಲಿ ಅವನು ಏದುಸಿರು ಬಿಡುತ್ತ ಮನೆಯಂಗಳಕ್ಕೆ ಓಡಿ ಬಂದ. ಎಣ್ಣೆ ಮತ್ತೆ ನೀರಿನ ನಡುವೆ ನಿಂತಿತ್ತು. “ನಾನ್ ಎಂತದೂ ಮಾಡ್ಲಿಲ್ಲ ಐತಾಳ್ರೆ!”

ಒಳಗಿದ್ದ ತುಂಗಾ ಹೊರಗೆ ಬಂದರು. “ಇದೇ ಮಾತ್ ವನಜನೂ ಹೇಳಿತ್ತಲ್ದಾ?” ಎಂದರು. ಎಲೆ ಎಲ್ಲಿಂದ ತಂದದ್ದೆಂದು ತುಂಗಾ ಅವರೇ ಕೇಳಿದರು. ಅರ್ಧ ಕೆಳಗಿನ ತೋಟದ್ದು, ಅರ್ಧ ಮೇಲಿನ ದರೆಯ ದಿಬ್ಬದ್ದು ಎಂದ ಆಳು. ಮೇಲಿನವು ಬೇಲಿ ಬುಡದಲ್ಲಿ ತಾವಾಗಿ ಹುಟ್ಟಿದ ಸಸಿಗಳು. ದಾಲ್ಚಿನ್ನಿಯೇ ಎಂದು ಕಿತ್ತು ನೆಟ್ಟವು, ಕಳೆದ ವರ್ಷವಷ್ಟೇ ಕಡಿಯುವಷ್ಟು ಬೆಳೆದಿದ್ದವು.

ಶ್ರಾವ್ಯ ಎರಡೂ ಕಡೆಯ ಎಲೆಯನ್ನು ಬೇರೆ ಬೇರೆಯಾಗಿ ಬೇಯಿಸಿದಳು. ಕೆಳಗಿನದು ಮುಳುಗಿತು, ಮೇಲಿನದು ತೇಲಿತು. ಎರಡೂ ಕೂಡಿದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ವನಜ ಎಲ್ಲರೆದುರು ಬೇಯಿಸಿದ ದಿನ ಕೆಳಗಿನ ಎಲೆ ಮಾತ್ರ ಇತ್ತು. ಮೇಲಿನದು ಕಾಡು ಜಾತಿಯೋ, ಇದೇ ಜಾತಿಯ ಮರ ಬೇರೆ ಎಣ್ಣೆ ಕೊಡುತ್ತಿದೆಯೋ? “ಕಾಂಬುಕೆ ಒಂದೇ, ಒಳ್ಗಿಪ್ದ್ ಬೇರೆ. ಯಾಕಂದ್ ನಂಗೂ ಸಮಾ ಗೊತ್ತಾತಿಲ್ಲೆ ಅಪ್ಪಯ್ಯ,” ಎಂದಳು ಮಗಳು.

ಐತಾಳರು ತ್ರಾಸಿಗೆ ಹೋದರು. ರಸ್ತೆಬದಿಯ ಮೀನಿನ ಬುಟ್ಟಿಗಳ ಮುಂದೆ ಮೀನು ಮುಟ್ಟದ ಕೋಟದ ಐತಾಳರು ಬಂದು ನಿಂತದ್ದು ಕಂಡು ಹೆಂಗಸರೆಲ್ಲ ಸೆರಗು ಬಾಯಿಗಿಟ್ಟರು. “ಹ್ವಾಯ್ ಐತಾಳ್ರೆ, ಬಂಗ್ಡಿ ಬೇಕಾ?” ಎಂದು ಒಬ್ಬಾಕೆ ಕಿಚಾಯಿಸಿದಳು. ಅವರು ಅಲುಗಲಿಲ್ಲ.

“ಅದ್ ಮರದ್ ತಪ್ಪ್, ವನಜ. ನಿಂದಲ್ಲ.”

“ಮರ ಎಂತ ಮಾಡಿತ್, ಐತಾಳ್ರೆ?”

ಐತಾಳರು ಕತ್ತು ತಗ್ಗಿಸಿದರು. “ಹೌದ್. ನಂದೇ ತಪ್ಪ್,” ಎಂದರು, ಎಲ್ಲರಿಗೂ ಕೇಳುವಂತೆ. ವನಜ ಇನ್ನೊಂದು ಮಾತು ಕೇಳಿದರು: ಇದನ್ನು ಮಂಗಳೂರಿನವರಿಗೂ ಹೇಳಬೇಕು, ತನ್ನೆದುರೇ. ಐತಾಳರು ಅಲ್ಲೇ ಮೊಬೈಲ್ ತೆಗೆದು ಹೇಳಿದರು. ವನಜ ಆ ದಿನ ಉಳಿದ ಮೀನು ಮಾರಿಯೇ ಎದ್ದರು. ಮುಂದಿನ ವಾರ ಭಟ್ಟಿಗೆ ಬಂದರು.

ಈಗ, 2012ರಲ್ಲಿ, ಚಪ್ಪರದಡಿ ಎರಡು ಹಂಡೆಗಳಿವೆ, ಕೆಳಗಿನ ಎಲೆಗೊಂದು, ಮೇಲಿನದಕ್ಕೊಂದು. ತೇಲುವ ಎಣ್ಣೆ ಸಾಬೂನು ಮಾಡುವ ಬೇರೆಯವರಿಗೆ ಹೋಗುತ್ತದೆ. ಆದರೂ ಪ್ರತಿ ಬೆಳಿಗ್ಗೆ ಮೊದಲ ಹನಿ ಬೀಳುವಾಗ ವನಜ ಜಾಡಿಗೆ ಕಣ್ಣು ನೆಟ್ಟು ಕೂರುತ್ತಾರೆ. ಹೊತ್ತೇರುತ್ತಿದ್ದಂತೆ ಬೆಂಕಿ ತಗ್ಗಿಸಿ, ಎರಡೂ ಕಡೆಯ ಮರದ ಒಂದೊಂದು ಎಲೆ ಅಂಗೈಯಲ್ಲಿ ತಿಕ್ಕಿ ಮೂಗಿಗೊಡ್ಡುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಆ ಎಲೆಗಳನ್ನು ಮುಂದೆ ಚಾಚುತ್ತಾರೆ.

“ಆ ಮಂಗ್ಳೂರಿನವ್ರ್ ಒಂದ್ ಸಲ ಇಲ್ಲಿಗ್ ಬರ್ಕ್. ಫೋನಗೆ ಅವ್ರ್ ಎಂತ ಹೇಳ್ರ್ ಅಂದ್ ನಂಗ್ ಕೇಣ್ಲೇ ಇಲ್ಲ. ಬಯ್ಯೂಕಲ್ಲ ಮರ್ರೆ. ಒಂದ್ ಚಾ ಕೊಡ್ತೆ. ಮತ್ತೆ ಈ ಎರಡ್ ಎಲಿ ಅವ್ರ್ ಕೈಯಗೆ ಕೊಡ್ತೆ, ಯಾವ್ದ್ ಯಾವ್ದಂದ್ ಹೇಳ್ಲಿ. ಹೇಳೂಕಾಗ್ದಿದ್ರೆ ಬೇಜಾರಿಲ್ಲ. ನಂಗೂ ಕೆಲವ್ ಸಲ ತಪ್ಪತ್ತ್.”