ನಾಲಿಗೆ ಯಜಮಾನರ ಕೊಯ್ಲು

ಊರಿಗೆಲ್ಲ ಅವರು ನಾಲಿಗೆ ಯಜಮಾನರು. ಜಗಳಗಂಟರೆಂದು ಬಂದ ಹೆಸರಲ್ಲ ಅದು. ಆ ಗುಣವೂ ಇತ್ತೆನ್ನಿ. ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಗುಟುಕು ವೈನ್ ಕೊಟ್ಟರೆ ಸಾಕು, ಅದು ತಮ್ಮ ಮೇಲಿನ ತೋಟದ್ದೋ ಕೆಳಗಿನದೋ, ಆ ವರ್ಷ ಮಳೆ ಕೈಕೊಟ್ಟಿತ್ತೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದರು.

ಎರಡೂ ತೋಟಕ್ಕೆ ನೆಟ್ಟದ್ದು ಒಂದೇ ತಳಿಯ ದ್ರಾಕ್ಷಿ, ನಡುವೆ ಒಂದು ಕಲ್ಲುಗೋಡೆ. ಆದರೂ ಅಕ್ಕತಂಗಿಯರ ಹಾಗೆ ಗುಣ ಬೇರೆ. ಮೇಲೆ ಬರೀ ಕಲ್ಲು. ನೀರು ನಿಲ್ಲದು, ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಅದರ ವೈನ್ ಮೊದಲಿಗೆ ಒಗರು, ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ಮೇಲೆಯೇ ಬಾಯಿಗೆ ಹಿತ. ಕೆಳಗೆ ಜೇಡಿಮಣ್ಣು, ಕುಡಿದ ನೀರನ್ನು ಬಿಟ್ಟುಕೊಡುವುದಿಲ್ಲ. ಅಲ್ಲಿನ ಹಣ್ಣು ದಪ್ಪ, ವೈನ್ ಬೇಗ ಮೆತ್ತಗಾಗುತ್ತದೆ. ಕಾದ ಕಲ್ಲಿನ ಕಾವಿಗೆ ಪ್ರತಿ ವರ್ಷವೂ ಮೊದಲು ಮಾಗುವುದು ಮೇಲಿನ ತೋಟವೇ.

ಮನೆಯಲ್ಲೊಂದು ಕಟ್ಟಳೆಯಿತ್ತು. ಯಜಮಾನರು ರುಚಿ ನೋಡಿ ಅಪ್ಪಣೆ ಕೊಡುವವರೆಗೆ ಯಾರೂ ಒಂದೇ ಒಂದು ಹಣ್ಣನ್ನೂ ಬಾಯಿಗೆ ಹಾಕುವಂತಿಲ್ಲ. ಮಗನೂ ಅಷ್ಟೇ, ಸೊಸೆಯೂ ಅಷ್ಟೇ.

ಆ ಬೇಸಿಗೆಯಲ್ಲಿ ಬಂದ ಜ್ವರ ಯಜಮಾನರ ರುಚಿಯನ್ನೇ ಹೊತ್ತುಕೊಂಡು ಹೋಯಿತು. ಪುಣ್ಯಾತ್ಮರು ಯಾರಿಗೂ ಬಾಯಿಬಿಡಲಿಲ್ಲ. ನಾಲಿಗೆ ಯಜಮಾನರಿಗೇ ನಾಲಿಗೆ ಸತ್ತಿದೆ ಎಂದರೆ ಉಳಿಯುವುದೇನು, ಮಣ್ಣು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ದಿನ ತಳ್ಳಿದರು.

ಕೊಯ್ಲಿನ ಬೆಳಗ್ಗೆ ಪಡುವಣದಲ್ಲಿ ಕಪ್ಪು ಮೋಡ ಕವಿದಿತ್ತು. ಸಂಜೆಯೊಳಗೆ ಮಳೆ ಖಂಡಿತ. ಅಷ್ಟರಲ್ಲಿ ಕೊಯ್ಯಲಾಗುವುದು ಒಂದೇ ತೋಟ. ಆಯ್ಕೆ ತಪ್ಪಿದರೆ ಬುಟ್ಟಿಗೆ ಬೀಳುವುದು ಹುಳಿಗಾಯಿ, ಮಾಗಿದ ಹಣ್ಣು ಬಳ್ಳಿಯಲ್ಲೇ ಒಡೆದು ಕೊಳೆಯುತ್ತದೆ. ಆಳುಗಳು ಕತ್ತರಿ ಹಿಡಿದು ಯಜಮಾನರ ಬಾಯಿಯನ್ನೇ ನೋಡುತ್ತಿದ್ದರು.

ಯಜಮಾನರು ಮೇಲಿನ ತೋಟದ ಒಂದು ಹಣ್ಣನ್ನು ಅಗಿದರು. ಒದ್ದೆ ಹತ್ತಿ ಅಗಿದ ಹಾಗಾಯಿತು. ಕೆಳಗಿನದನ್ನೂ ಅಗಿದರು, ಅದೂ ಹತ್ತಿಯೇ. ಪ್ರತಿ ವರ್ಷದ ಮಾತನ್ನೇ ಆಡಿಬಿಟ್ಟರು.

"ಮೇಲಿನ ತೋಟ! ನಡೀರಿ!"

"ಮಾವ, ಒಂದ್ನಿಮಿಷ," ಎಂದು ಸೊಸೆ ಅಡ್ಡ ಬಂದಳು. "ಮಳೆ ಇಲ್ದೆ ಮೇಲಿನ ಬಳ್ಳಿ ಸೊರಗಿ, ಹಣ್ಣು ಮಾಗ್ದೆ ನಿಂತಿದೆ. ಸಿಹಿ ಹುಡುಕೋ ಕಣಜದ ಹುಳ ಎಲ್ಲಾ ಕೆಳಗಿನ ಹಣ್ಣಿಗೇ ಮುತ್ತಿವೆ, ನೋಡಿ."

"ಓಹೋ! ಇನ್ಮೇಲೆ ಕಣಜದ ಹುಳಾನೇ ಕೇಳ್ಕೊಂಡು ತೋಟ ಮಾಡೋಣ ಬಿಡು!"

ಆಳುಗಳು ನಕ್ಕರು. ಸೊಸೆ ನಗಲಿಲ್ಲ. ಹತ್ತಿರ ಬಂದು, ಅವರಿಗಷ್ಟೇ ಕೇಳುವಂತೆ ಹೇಳಿದಳು:

"ವಾರದಿಂದ ನಿಮ್ಮ ತಟ್ಟೆಗೆ ಉಪ್ಪಿಲ್ದೆ ಬಡಿಸ್ತಿದ್ದೀನಿ, ಮಾವ. ದಿನಾ ಚೆನ್ನಾಗಿದೆ ಅಂತೀರಿ."

ಯಜಮಾನರ ಮುಖ ಬಿಳಿಚಿಕೊಂಡಿತು. ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ನಾಚಿಕೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವರದು; ಈಗಲೂ ಗದರಿಸಿದರೆ ಸೊಸೆ ಸುಮ್ಮನಾಗುತ್ತಿದ್ದಳು. ದೂರದಲ್ಲಿ ಗುಡುಗಿತು. ಮಗ, "ಅಪ್ಪಾ, ಯಾವ ಕಡೆಗೆ? ಬೇಗ ಹೇಳಿ!" ಎಂದು ಕೂಗಿದ.

ಅವರು ಎರಡೂ ತೋಟದ ಒಂದೊಂದು ಹಣ್ಣು ಕಿತ್ತು, ಎಲ್ಲರೆದುರಿಗೇ ಸೊಸೆಯ ಅಂಗೈಗೆ ಹಾಕಿದರು.

"ತಿನ್ನಮ್ಮ."

ಆಳುಗಳ ನಗು ನಿಂತಿತು. ಮಗ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಮೇಲಿನ ತೋಟದ ಹಣ್ಣಿಗೆ ಸೊಸೆ ಮುಖ ಕಿವುಚಿದಳು. ಕೆಳಗಿನದನ್ನು ನುಂಗಿ, "ಇದು ಜೇನು, ಮಾವ," ಎಂದಳು.

"ಕೆಳಗಿನ ತೋಟ!" ಯಜಮಾನರು ಗುಡುಗನ್ನೂ ಮೀರಿ ಕೂಗಿದರು. "ಏನ್ರೋ ನೋಡ್ತಾ ನಿಂತಿದ್ದೀರಿ? ಓಡ್ರೋ!"

ಕೊನೆಯ ಬುಟ್ಟಿ ಸೂರಿನಡಿ ಸೇರುವಾಗ ದಪ್ಪ ಹನಿಗಳು ಬೀಳತೊಡಗಿದವು. ಮೇಲಿನ ತೋಟದ ಬಾಯಾರಿದ ಕಲ್ಲುಗಳ ನಡುವೆ ನೀರು ಸರಸರನೆ ಇಳಿದುಹೋಯಿತು. ಆ ಹಣ್ಣು ಮಾಗುವವರೆಗೆ ಇನ್ನೂ ಕಾಯಬಲ್ಲದು.

ಊಟಕ್ಕೆ ಕೂತಾಗ ಯಜಮಾನರು ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಸೊಸೆಯ ಮುಖ ನೋಡಿದರು.

"ಇವತ್ತು ಉಪ್ಪು ಹಾಕಿದ್ದೀಯೇನಮ್ಮ?"

"ಹಾಕಿದ್ದೀನಿ, ಮಾವ."

"ಹಾಗಾದ್ರೆ ಚೆನ್ನಾಗಿದೆ," ಎಂದರು.